ನಿಯಮ ಓದಿದವರ ಕಣ್ಣೇ ಬೇರೆ

ಕ್ಯಾಮೆರಾ ಕ್ಲಬ್ಬಿನ ಸ್ಪರ್ಧೆಗೆ ಚಿತ್ರ ಕಳುಹಿಸುವವರಲ್ಲಿ ನಿಯಮಪತ್ರವನ್ನು ಪೂರ್ತಿ ಓದುವವರು ಕಡಿಮೆ. ಛಾಯಾಗ್ರಹಣದ ಒಳ್ಳೆಯ ಪಾಠಗಳು ಮಾತ್ರ ಅದರಲ್ಲೇ ಅಡಗಿವೆ.

ತಿಂಗಳ ಸ್ಪರ್ಧೆಯ ಸಂಜೆ ಕ್ಲಬ್ಬಿನ ಸಭಾಂಗಣದ ದೀಪ ಆರಿಸಿ, ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಾರೆ. ಶೀರ್ಷಿಕೆ ಓದುತ್ತಾರೆ, ತೆಗೆದವರ ಹೆಸರು ಮಾತ್ರ ಹೇಳುವುದಿಲ್ಲ. ಚಿತ್ರ ಮೂವತ್ತು ವರ್ಷ ಕ್ಯಾಮೆರಾ ಹಿಡಿದ ಹಿರಿಯರದೋ, ಮೊನ್ನೆಯ ದಸರೆಗೆ ಮೊದಲ ಕ್ಯಾಮೆರಾ ಕೊಂಡ ಕಾಲೇಜು ಹುಡುಗಿಯದೋ ತೀರ್ಪುಗಾರರಿಗೆ ತಿಳಿಯದು. ಲಕ್ಷಗಟ್ಟಲೆ ಬೆಲೆಯ ಲೆನ್ಸಿನದೋ, ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸಿನದೋ ಅದೂ ತಿಳಿಯದು. ಬೆಳಕು, ಚೌಕಟ್ಟು, ಕ್ಷಣ – ಮಾತು ಇಷ್ಟರ ಬಗ್ಗೆಯೇ ನಡೆಯುತ್ತದೆ.

ಇಂಥ ಸಮಾನತೆಯನ್ನು ಸಭೆಗೆ ತಂದುಕೊಟ್ಟದ್ದು ಒಂದೇ ಸಾಲಿನ ನಿಯಮ: ಚಿತ್ರದ ಮೇಲೆ ಹೆಸರು, ಸಹಿ, ವಾಟರ್‌ಮಾರ್ಕ್ ಇರಕೂಡದು. ನಿಯಮಪತ್ರದಲ್ಲಿ ಬಹುಮಾನದ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ, ಕೊನೆಯ ದಿನಾಂಕವನ್ನು ಕೆಲವರು ಗುರುತು ಹಾಕಿಕೊಳ್ಳುತ್ತಾರೆ. ನಡುವಿನ ಎರಡು ಪುಟ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಛಾಯಾಗ್ರಾಹಕ ಎಷ್ಟು ಪ್ರಾಮಾಣಿಕವಾಗಿ ನೋಡಬೇಕು, ನೋಡುವ ಭರದಲ್ಲಿ ಯಾರಿಗೂ ಯಾವುದಕ್ಕೂ ಕೇಡಾಗದಂತೆ ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ ಇರುವುದು ಆ ಪುಟಗಳಲ್ಲೇ.

ಪ್ರಿಂಟಿನ ಬೆನ್ನು, ಸ್ಲೈಡಿನ ಚುಕ್ಕೆ

ಹವ್ಯಾಸಿ ಛಾಯಾಗ್ರಾಹಕರು ಒಂದೆಡೆ ಸೇರಿ ಚಿತ್ರಗಳನ್ನು ಪರಸ್ಪರ ತೋರಿಸಿಕೊಳ್ಳುವ ರೂಢಿಗೆ ಹತ್ತಿರಹತ್ತಿರ ಛಾಯಾಗ್ರಹಣದಷ್ಟೇ ವಯಸ್ಸಾಗಿದೆ. ಈಗಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಲಂಡನ್ನಿನಲ್ಲಿ ಹುಟ್ಟಿದ್ದು 1853ರಲ್ಲಿ. ಮರುವರ್ಷವೇ ಮುಂಬೈಯಲ್ಲೊಂದು ಸಂಘ ಬಂತು, ಹಿಂದೆಯೇ ಕೋಲ್ಕತ್ತ ಮತ್ತು ಮದರಾಸಿನಲ್ಲೂ ಬಂದವು. ನಾನಾ ದೇಶಗಳ ಸಂಘಗಳನ್ನು ಒಂದು ಸೂರಿನಡಿ ತಂದ ಅಂತರರಾಷ್ಟ್ರೀಯ ಒಕ್ಕೂಟ ‘ಫಿಯಾಪ್’ 1950ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೂಪುಗೊಂಡಿತು. ಭಾರತದ ಕ್ಲಬ್ಬುಗಳಿಗೆ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ ಎಂಬ ಒಕ್ಕೂಟ 1953ರಲ್ಲಿ ಸಿಕ್ಕಿತು. ಅದನ್ನು ಕಟ್ಟಿದ ಡಾ. ಜಿ. ಥಾಮಸ್ ಭಾರತೀಯ ಛಾಯಾಗ್ರಹಣದ ಚರಿತ್ರೆಯನ್ನೂ ಬರೆದವರು.

ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಆರಂಭವಾಯಿತು. ನೃಪತುಂಗ ರಸ್ತೆಯ ರಾಜ್ಯ ಯುವ ಕೇಂದ್ರದಲ್ಲಿ ಅದರ ಬಿಡಾರ. ಬೆಂಗಳೂರಷ್ಟೇ ಏಕೆ, ಮಲೆನಾಡಿನ ಸಾಗರದಂಥ ಊರಿನ ಸಂಘವೂ ರಾಷ್ಟ್ರಮಟ್ಟದ ಛಾಯಾಚಿತ್ರ ಸ್ಪರ್ಧೆಗಳನ್ನು ನಡೆಸಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಚಿತ್ರಗಳು ಜಗತ್ತಿನ ಸ್ಪರ್ಧಾ ಪ್ರದರ್ಶನಗಳ ಗೋಡೆ ಏರಿದ್ದವು. ಛಾಯಾಗ್ರಾಹಕರು ‘ಸಲಾನ್’ ಎಂದು ಕರೆಯುವುದು ಇಂಥ ಪ್ರದರ್ಶನಗಳನ್ನೇ. ಅಲ್ಲಿ ಬಹುಮಾನ ಬರದಿದ್ದರೂ ಚಿತ್ರ ಪ್ರದರ್ಶನಕ್ಕೆ ಆಯ್ಕೆಯಾದರೆ ಸಾಕು, ಅದೇ ಒಂದು ಗೌರವ. ‘ಅಕ್ಸೆಪ್ಟೆನ್ಸ್ ಬಂತು’ ಎಂದು ಸಂಭ್ರಮದಿಂದ ಹೇಳಿಕೊಳ್ಳುತ್ತಾರೆ. ಇಂಥ ಆಯ್ಕೆಗಳು ನಿಗದಿತ ಸಂಖ್ಯೆಗೆ, ನಿಗದಿತ ದೇಶಗಳಿಗೆ ಮುಟ್ಟಿದಾಗ ಹೆಸರಿನ ಮುಂದೆ ಎ.ಎಫ್.ಐ.ಎ.ಪಿ., ಇ.ಎಫ್.ಐ.ಎ.ಪಿ. ಮುಂತಾದ ಫಿಯಾಪ್ ಬಿರುದು ಸೇರಿಸಿಕೊಳ್ಳಲು ಅರ್ಜಿ ಹಾಕಬಹುದು.

ಫಿಲ್ಮಿನ ಕಾಲದ ನಿಯಮಗಳಲ್ಲಿ ಕೈಕೆಲಸದ ಸೂಚನೆಗಳೇ ಹೆಚ್ಚು. ಪ್ರಿಂಟಿನ ಹಿಂಬದಿಯಲ್ಲಿ ಹೆಸರು, ಶೀರ್ಷಿಕೆ, ಕ್ರಮಸಂಖ್ಯೆ ಬರೆಯಬೇಕು. ಮುಂಬದಿಯಲ್ಲಿ ಏನೂ ಇರಬಾರದು. ಆಯ್ಕೆ ಮಾಡಿದ ಪ್ರತಿ ಪ್ರದರ್ಶನವೂ ಹಿಂಬದಿಗೆ ತನ್ನ ಚೀಟಿ ಅಂಟಿಸಿ ಹಿಂತಿರುಗಿಸುತ್ತಿತ್ತು. ಹಾಗಾಗಿ ಊರೂರು ಸುತ್ತಿ ಬಂದ ಪ್ರಿಂಟಿನ ಬೆನ್ನು ನೋಡಿದರೆ ಅದರ ಸಂಚಾರವೆಲ್ಲ ಗೊತ್ತಾಗುತ್ತಿತ್ತು. ಸ್ಲೈಡಿಗೆ ಇನ್ನೊಂದು ಕಟ್ಟಳೆ: ಕೈಯಲ್ಲಿ ನೇರವಾಗಿ ಹಿಡಿದು ನೋಡಿದಾಗ ಎಡಗಡೆಯ ಕೆಳಮೂಲೆಯಲ್ಲಿ ಒಂದು ಚುಕ್ಕೆ ಇರಬೇಕು. ಪ್ರೊಜೆಕ್ಟರ್ ನಡೆಸುವವರು ಕತ್ತಲಲ್ಲೂ ಆ ಚುಕ್ಕೆ ಹಿಡಿದೇ ಸ್ಲೈಡನ್ನು ತಲೆಕೆಳಗಾಗದಂತೆ ಕೂರಿಸುತ್ತಿದ್ದರು. ಚುಕ್ಕೆ ಮರೆತವರ ಚಿತ್ರ ಪರದೆಯ ಮೇಲೆ ಉಲ್ಟಾ ಬೀಳುತ್ತಿತ್ತು. ನಿಯಮ ಎಂದರೆ ನಮ್ಮ ಚಿತ್ರವನ್ನು ಮುಂದೆ ಯಾರು ಯಾರು ಮುಟ್ಟಬೇಕಾಗಿದೆಯೋ ಅವರ ಬಗೆಗಿನ ಕಾಳಜಿ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ನಾಲ್ಕೇ ಚಿತ್ರ ಯಾಕೆ?

ಸಾಮಾನ್ಯವಾಗಿ ಒಂದು ವಿಭಾಗಕ್ಕೆ ನಾಲ್ಕು ಚಿತ್ರಗಳಿಗೆ ಅವಕಾಶ. ತಿಂಗಳ ಸ್ಪರ್ಧೆಯಲ್ಲಿ ಇನ್ನೂ ಕಡಿಮೆ ಇರಬಹುದು. ಒಂದು ಸಫಾರಿಯಲ್ಲೇ ಸಾವಿರ ಚಿತ್ರ ಕ್ಲಿಕ್ಕಿಸುವ ಈ ದಿನಗಳಲ್ಲಿ ನಾಲ್ಕು ಯಾವ ಲೆಕ್ಕ ಎನಿಸುತ್ತದೆ. ತರಬೇತಿ ಇರುವುದೂ ಅಲ್ಲೇ. ಸಾವಿರದಿಂದ ನಾಲ್ಕಕ್ಕೆ ಇಳಿಯುವಾಗ ನಮ್ಮ ಕೆಲಸವನ್ನು ನಾವೇ ಪರಕೀಯರಂತೆ ನೋಡಬೇಕಾಗುತ್ತದೆ. ಬೆಳಗಿನ ಜಾವ ಎದ್ದು, ಚಳಿಯಲ್ಲಿ ಕಾದು ತೆಗೆದದ್ದು ಎಂಬ ಮಮಕಾರ ಚಿತ್ರದೊಳಗೆ ಕಾಣುವುದಿಲ್ಲ. ಆ ಶ್ರಮದ ಕಥೆ ಬಿಟ್ಟು ಚಿತ್ರದಲ್ಲಿ ಏನು ಉಳಿದಿದೆ ಎಂದು ಕೇಳಿಕೊಳ್ಳಲು ಕಲಿಸುವುದು ಈ ಮಿತಿ.

ಅಳತೆಯದೂ ಹಾಗೆಯೇ. ಡಿಜಿಟಲ್ ವಿಭಾಗದಲ್ಲಿ ಹಲವು ಸ್ಪರ್ಧೆಗಳು ಅಗಲ 1920, ಎತ್ತರ 1080 ಪಿಕ್ಸೆಲ್ ಮೀರಬಾರದು ಎನ್ನುತ್ತವೆ. ಅಡ್ಡ ಚಿತ್ರಕ್ಕೆ ತೊಂದರೆಯಿಲ್ಲ. ಉದ್ದ ಚಿತ್ರ ಮಾತ್ರ 1080ರ ಎತ್ತರದೊಳಗೇ ನಿಲ್ಲಬೇಕು. ಇದನ್ನು ಗಮನಿಸದೆ ಕಳುಹಿಸಿದರೆ ಅಪ್‌ಲೋಡ್ ಆಗುವುದೇ ಇಲ್ಲ, ಒಂದು ವೇಳೆ ಆದರೂ ಚಿತ್ರ ಹಿಗ್ಗಿಯೋ ಕುಗ್ಗಿಯೋ ತನ್ನ ಮೊನಚು ಕಳೆದುಕೊಳ್ಳುತ್ತದೆ.

ಕಪ್ಪು ಬಿಳುಪು ವಿಭಾಗದ ವ್ಯಾಖ್ಯಾನವಂತೂ ಕಣ್ಣಿಗೆ ಒಳ್ಳೆಯ ಅಭ್ಯಾಸ. ಕಡು ಬೂದಿನಿಂದ ಬಿಳಿಯವರೆಗಿನ ಛಾಯೆಗಳಲ್ಲಿರುವ ಚಿತ್ರ ಮೊನೊಕ್ರೋಮ್. ಇಡೀ ಚಿತ್ರಕ್ಕೆ ಒಂದೇ ಬಣ್ಣದ ಲೇಪ, ಉದಾಹರಣೆಗೆ ಸೆಪಿಯಾ, ಕೊಟ್ಟರೂ ಅದು ಮೊನೊಕ್ರೋಮೇ. ಮುದುಕಿಯ ಮುಖವೆಲ್ಲ ಕಪ್ಪು ಬಿಳುಪಿನಲ್ಲಿಟ್ಟು ಹಣೆಯ ಕುಂಕುಮವನ್ನಷ್ಟೇ ಕೆಂಪಾಗಿ ಉಳಿಸಿದರೆ ಫಿಯಾಪ್ ನಿಯಮದಂತೆ ಅದು ಬಣ್ಣದ ಚಿತ್ರವಾಗಿಬಿಡುತ್ತದೆ. ಎಷ್ಟೋ ಆರಂಭಿಕರ ಮೆಚ್ಚಿನ ಚಿತ್ರಗಳು ತಪ್ಪು ವಿಭಾಗಕ್ಕೆ ಹೋಗಿ ಬೀಳುವುದು ಇಲ್ಲಿಯೇ.

ಒಂದು ಚಿತ್ರಕ್ಕೆ ಒಂದೇ ಶೀರ್ಷಿಕೆ ಎನ್ನುವುದು ಇನ್ನೊಂದು ಕಟ್ಟುನಿಟ್ಟು. ಅದೇ ಚಿತ್ರಕ್ಕೆ ಹೆಸರು ಬದಲಿಸಿ, ಚೂರು ಕ್ರಾಪ್ ಮಾಡಿ, ಬಣ್ಣ ತೆಗೆದು ಹೊಸದೆಂದು ಕಳುಹಿಸುವಂತಿಲ್ಲ. ಬಿರುದಿಗೆ ಬೇಕಾದ ಆಯ್ಕೆಗಳನ್ನು ಬೇರೆ ಬೇರೆ ಚಿತ್ರಗಳ ಲೆಕ್ಕದಲ್ಲಿ ಎಣಿಸುವುದರಿಂದ ಹೀಗೆ ಹೆಸರು ಬದಲಿಸುವ ಆಸೆ ಹುಟ್ಟುತ್ತದೆ. ಒಂದೇ ಚಿತ್ರದ ಬೆನ್ನೇರಿ ಬಿರುದಿನವರೆಗೆ ಹೋಗಬೇಡಿ, ಹೊಸ ಚಿತ್ರ ತೆಗೆಯಿರಿ ಎಂಬುದು ಈ ನಿಯಮದ ಒಳಮಾತು.

ಕಾಡಿನ ಚಿತ್ರಕ್ಕೆ ಕಾವಲು

ನಿಯಮಪತ್ರದಲ್ಲಿ ಅತಿ ಉದ್ದದ ಭಾಗ ಪ್ರಕೃತಿ ಮತ್ತು ವನ್ಯಜೀವಿ ವಿಭಾಗದ್ದು. ಫಿಯಾಪ್, ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ಮತ್ತು ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಈ ಮೂರೂ ಒಮ್ಮತಕ್ಕೆ ಬಂದು ಒಂದು ವ್ಯಾಖ್ಯಾನ ರೂಪಿಸಿದವು. ನಮ್ಮ ಕ್ಲಬ್ಬುಗಳ ನಿಯಮಗಳಿಗೂ ಬಹುಮಟ್ಟಿಗೆ ಅದೇ ಬುನಾದಿ.

ನಮ್ಮ ಸುತ್ತಲಿನ ಉದಾಹರಣೆಗಳಿಟ್ಟು ನೋಡಿದರೆ ಅದು ಸುಲಭವಾಗಿ ಅರ್ಥವಾಗುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಗುಲಾಬಿ ಎಷ್ಟೇ ಚೆಂದವಿದ್ದರೂ ಪ್ರಕೃತಿ ವಿಭಾಗಕ್ಕೆ ಸಲ್ಲದು, ಅದು ಮನುಷ್ಯ ಬೆಳೆಸಿದ ಮಿಶ್ರತಳಿ. ಕುದುರೆಮುಖದ ಶೋಲೆಕಾಡಿನಲ್ಲಿ ಮರಕ್ಕಂಟಿ ಅರಳಿದ ಆರ್ಕಿಡ್ ಸಲ್ಲುತ್ತದೆ. ಬೀದಿನಾಯಿ ಸಲ್ಲದು, ಕಬಿನಿಯ ಕೆನ್ನಾಯಿ ಸಲ್ಲುತ್ತದೆ. ಚಿತ್ರದಲ್ಲಿ ಮನುಷ್ಯನ ಕುರುಹು ಇರಬಾರದು. ಆದರೆ ಮನೆ ಗೋಡೆಯ ಬಿರುಕನ್ನೇ ಬೀಡು ಮಾಡಿಕೊಂಡ ಕಣಜ ಗೂಬೆಯಂಥ ಜೀವಿಯ ಕಥೆಗೆ ಆ ಗೋಡೆ ಅಗತ್ಯವಾದರೆ ಅಡ್ಡಿಯಿಲ್ಲ. ಅಧ್ಯಯನಕ್ಕಾಗಿ ತೊಡಿಸಿದ ರೇಡಿಯೊ ಕಾಲರ್ ಇದ್ದರೂ ಆದೀತು. ಮೈಸೂರು ಮೃಗಾಲಯದ ಹುಲಿಯನ್ನು ಪ್ರಕೃತಿ ವಿಭಾಗಕ್ಕೆ ಕಳುಹಿಸಲು ಈ ವ್ಯಾಖ್ಯಾನ ಅವಕಾಶ ಕೊಡುತ್ತದೆ. ವನ್ಯಜೀವಿ ವಿಭಾಗಕ್ಕೆ ಮಾತ್ರ ಅದು ಬರುವಂತಿಲ್ಲ. ಅಲ್ಲಿಗೆ ಬೇಕಾದದ್ದು ಯಾರ ಹಂಗಿಲ್ಲದೆ ತನ್ನ ನೆಲೆಯಲ್ಲಿ ಬದುಕುತ್ತಿರುವ ಪ್ರಾಣಿ.

ಚಿತ್ರ ತೆಗೆದ ಮೇಲಿನ ಕೆಲಸಕ್ಕೂ ಗೆರೆ ಎಳೆದಿದ್ದಾರೆ. ಬೆಳಕು ತುಸು ಏರಿಸಬಹುದು, ಇಳಿಸಬಹುದು, ಸೆನ್ಸರಿನ ಧೂಳಿನ ಕಲೆ ತೆಗೆಯಬಹುದು, ಕ್ರಾಪ್ ಮಾಡಬಹುದು. ಇಲ್ಲದ್ದನ್ನು ಸೇರಿಸುವ, ಇದ್ದದ್ದನ್ನು ಅಳಿಸುವ, ಜಾಗ ಬದಲಿಸುವ ಹಾಗಿಲ್ಲ. ಹಕ್ಕಿಯ ಮುಖಕ್ಕೆ ಅಡ್ಡ ಬಂದ ಒಂದು ಕಡ್ಡಿಯನ್ನೂ ಕಂಪ್ಯೂಟರಿನಲ್ಲಿ ಒರೆಸುವಂತಿಲ್ಲ. ಕಡ್ಡಿ ಬೇಡವೆಂದರೆ ಛಾಯಾಗ್ರಾಹಕ ಜಾಗ ಬದಲಿಸಬೇಕು, ಇಲ್ಲವೇ ಹಕ್ಕಿ ಬದಲಿಸುವವರೆಗೆ ಕಾಯಬೇಕು.

ಎಲ್ಲಕ್ಕಿಂತ ದೊಡ್ಡದು ಜೀವಿಯ ಕ್ಷೇಮ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ಎದ್ದು ಕಾಣುವ ನಡುಗಡ್ಡೆಗಳ ಮೇಲೆ ನದಿ ರೀವಗಳು ಬಯಲಲ್ಲೇ ಮೊಟ್ಟೆ ಇಡುತ್ತವೆ. ಸುಡುವ ಬಿಸಿಲಿನಲ್ಲಿ ಮೊಟ್ಟೆಗೆ ಇರುವ ಒಂದೇ ನೆರಳು ಮೇಲೆ ಕೂತ ತಾಯಿಯೋ ತಂದೆಯೋ. ದೋಣಿ ಹತ್ತಿರ ಬಂತೆಂದು ಹಕ್ಕಿ ಎದ್ದು ಹಾರಿದರೆ ಮೊಟ್ಟೆ ಕಾದ ನೆಲದ ಮೇಲೆ ಬೇಯುತ್ತದೆ. ಹಾರುವ ಹಕ್ಕಿಗಳ ಗುಂಪಿನ ಚಿತ್ರ ಅದ್ಭುತವಾಗಿಯೇ ಬರಬಹುದು, ಅದರ ಬೆಲೆ ತೆರುವುದು ಮಾತ್ರ ಮೊಟ್ಟೆಯೊಳಗಿನ ಮರಿ. ಈ ಕಾರಣಕ್ಕೇ ಭಾರತದ ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ಸ್ವೀಕರಿಸುವುದಿಲ್ಲ. ಗೂಬೆಗೆ ಇಲಿ ಕಟ್ಟಿ ಕರೆಯುವುದು, ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡಿ ಮ್ಯಾಕ್ರೊ ಚಿತ್ರ ತೆಗೆಯುವುದು, ಆಗುಂಬೆಯ ಮಳೆಯಲ್ಲಿ ಸಿಕ್ಕ ಹಾರುಕಪ್ಪೆಯನ್ನು ಎತ್ತಿ ಚೆಂದದ ಎಲೆಯ ಮೇಲೆ ಕೂರಿಸುವುದು ಎಲ್ಲವೂ ಇದೇ ಸಾಲಿಗೆ ಸೇರಿದ ಅಪರಾಧಗಳು. ಕಪ್ಪೆ ಚರ್ಮದ ಮೂಲಕವೂ ಉಸಿರಾಡುವ ಪ್ರಾಣಿ. ಸೊಳ್ಳೆ ಓಡಿಸುವ ಮುಲಾಮು ಹಚ್ಚಿಕೊಂಡ ನಮ್ಮ ಕೈ ಅದಕ್ಕೆ ವಿಷವೇ.

ನಿಯಮ ಮುರಿದ ದೊಡ್ಡ ಪ್ರಕರಣಗಳೂ ಇವೆ. ಲಂಡನ್ನಿನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದದ್ದು ಬೇಲಿಯ ಗೇಟು ಹಾರುತ್ತಿರುವ ತೋಳದ ಚಿತ್ರ. ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಮಾನಿಸಿ 2010ರ ಆರಂಭದಲ್ಲಿ ಪ್ರಶಸ್ತಿ ಹಿಂಪಡೆದರು. ಅದೇ ಸ್ಪರ್ಧೆಯ 2017ರ ಒಂದು ವಿಭಾಗದಲ್ಲಿ, ಬ್ರೆಜಿಲಿನ ಇರುಳಲ್ಲಿ ಮಿನುಗುವ ಗೆದ್ದಲ ಹುತ್ತದತ್ತ ನಡೆದು ಬರುವ ಇರುವೆಭಕ್ಷಕದ ಚಿತ್ರ ಗೆದ್ದಿತು. ಆ ಪ್ರಾಣಿ, ಚಿತ್ರ ತೆಗೆದ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿದ್ದ, ಹೊಟ್ಟು ತುಂಬಿದ ಪ್ರಾಣಿಯನ್ನೇ ಹೋಲುತ್ತದೆ ಎಂದು ತಜ್ಞರು ಹೇಳಿದ ಮೇಲೆ 2018ರಲ್ಲಿ ಅದನ್ನೂ ಅನರ್ಹಗೊಳಿಸಿದರು. ಇಬ್ಬರು ಛಾಯಾಗ್ರಾಹಕರೂ ಆರೋಪ ಒಪ್ಪಲಿಲ್ಲ. ಆದರೂ ಒಂದು ಮಾತು ಎಲ್ಲರಿಗೂ ಮನದಟ್ಟಾಯಿತು: ವನ್ಯಜೀವಿ ಚಿತ್ರ ಒಂದು ಸಾಕ್ಷ್ಯ, ಆ ಪ್ರಾಣಿ ಅಲ್ಲಿ ಹಾಗೆ ಬದುಕುತ್ತಿತ್ತು ಎಂಬ ಸಾಕ್ಷ್ಯ.

ಅಳಿಸಿದ ಪಾದ, ಹುಟ್ಟಿಸಿದ ಮುಖ

ಸುದ್ದಿಚಿತ್ರದ ಲೋಕದಲ್ಲೂ ಇದೇ ಕಾವಲಿದೆ. ವರ್ಲ್ಡ್ ಪ್ರೆಸ್ ಫೋಟೊ 2010ರಲ್ಲಿ ಒಬ್ಬ ಛಾಯಾಗ್ರಾಹಕನ ಬಹುಮಾನ ರದ್ದು ಮಾಡಿತು. ಕಾರಣ, ಚಿತ್ರದ ಹಿನ್ನೆಲೆಯಲ್ಲಿ ಇಣುಕುತ್ತಿದ್ದ ಒಂದು ಪಾದದ ತುದಿಯನ್ನು ಅಳಿಸಿದ್ದು. ಅಷ್ಟು ಚಿಕ್ಕ ತುಣುಕಿಗೆ ಅಷ್ಟು ದೊಡ್ಡ ಶಿಕ್ಷೆಯೇ ಎಂದು ಕೇಳಿದವರುಂಟು. ಚಿಕ್ಕದು ದೊಡ್ಡದು ಎಂದು ಅಳೆಯಲು ಹೊರಟರೆ ಗೆರೆ ಎಲ್ಲಿ ನಿಲ್ಲುತ್ತದೆ? 2015ರಲ್ಲಿ ಅದೇ ಸ್ಪರ್ಧೆಯ ಕೊನೆಯ ಸುತ್ತಿನ ಹಿಂದಿನ ಹಂತಕ್ಕೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಐದರಲ್ಲೊಂದು ಇಂಥ ತಿದ್ದುಪಡಿಯ ಕಾರಣಕ್ಕೇ ಹೊರಬಿತ್ತು. ಮೂಲ ಫೈಲ್ ಕೇಳುವ ನಿಯಮ ಇದ್ದದ್ದರಿಂದ ತಪ್ಪು ಹಿಡಿಯಲಾಯಿತು.

ಕ್ಲಬ್ಬುಗಳೂ ಈಗ ಮೂಲ ಫೈಲ್ ಕೇಳುತ್ತವೆ. ಫಿಯಾಪ್ ಆಶ್ರಯದ ಸ್ಪರ್ಧೆಗೆ ಚಿತ್ರ ಕಳುಹಿಸುವಾಗಲೇ, ಸಂಶಯ ಬಂದರೆ ಕ್ಯಾಮೆರಾದಿಂದ ಬಂದ ಮೂಲ ಫೈಲ್ ಒಪ್ಪಿಸುತ್ತೇವೆ ಎಂದು ನಾವು ಒಪ್ಪಿಕೊಂಡಿರುತ್ತೇವೆ. ಕೊಡದಿದ್ದರೂ ತಪ್ಪು ಸಾಬೀತಾದರೂ ನಿರ್ಬಂಧ ಬೀಳುತ್ತದೆ, ಹೆಸರೂ ಪ್ರಕಟವಾಗಬಹುದು. ಆಯ್ದ ಚಿತ್ರಗಳ ಮೂಲ (ರಾ) ಫೈಲ್ ಡಿಲೀಟ್ ಮಾಡುವ ಅಭ್ಯಾಸ ಇರುವವರು ಇದನ್ನು ನೆನಪಿಡಬೇಕು.

ಇದರ ಮೇಲೆ ಕೃತಕ ಬುದ್ಧಿಮತ್ತೆ ಬಂದಿದೆ. ಆಕಾಶವನ್ನೇ ಬದಲಿಸುವ ಸೌಲಭ್ಯ 2020ರಲ್ಲೇ ಫೋಟೊಶಾಪ್ ಸೇರಿತ್ತು. ಬರೆದು ಕೇಳಿದ್ದನ್ನು ಚಿತ್ರದೊಳಗೆ ಹುಟ್ಟಿಸುವ ಸೌಲಭ್ಯ 2023ರಲ್ಲಿ ಬಂತು. ಅದೇ ವರ್ಷ ಸೋನಿ ವರ್ಲ್ಡ್ ಫೋಟೊಗ್ರಫಿ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್, ತನ್ನದು ಯಂತ್ರ ಹುಟ್ಟಿಸಿದ ಚಿತ್ರ ಎಂದು ಹೇಳಿ ಬಹುಮಾನ ನಿರಾಕರಿಸಿದರು. ಮರುವರ್ಷ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಮೈಲ್ಸ್ ಆಸ್ಟ್ರೇ ಎಂಬವರು ತಲೆಯೇ ಇಲ್ಲದಂತೆ ಕಾಣುವ ರಾಜಹಂಸದ ನಿಜವಾದ ಛಾಯಾಚಿತ್ರವನ್ನು ಇನ್ನೊಂದು ಸ್ಪರ್ಧೆಯ ಕೃತಕ ಬುದ್ಧಿಮತ್ತೆ ವಿಭಾಗಕ್ಕೆ ಕಳುಹಿಸಿ ಬಹುಮಾನ ಗೆದ್ದರು. ಸತ್ಯ ಹೇಳಿದ ಮೇಲೆ ಅವರ ಚಿತ್ರವನ್ನು ಕೈಬಿಟ್ಟರು. ನೋಡಿದ ಮಾತ್ರಕ್ಕೆ ನಿಜ ಯಾವುದೆಂದು ನುರಿತ ಕಣ್ಣಿಗೂ ಹೇಳಲಾಗದು ಎಂಬುದನ್ನು ಎರಡು ಪ್ರಕರಣಗಳೂ ತೋರಿಸಿದವು. ಚಿತ್ರದ ಪ್ರತಿಯೊಂದು ಭಾಗವೂ ಸ್ಪರ್ಧಿ ತಾನೇ ಕ್ಯಾಮೆರಾದಲ್ಲಿ ತೆಗೆದದ್ದಾಗಿರಬೇಕು ಎಂಬ ನಿಯಮಕ್ಕೆ ಇಂದು ಹಿಂದೆಂದಿಗಿಂತ ಹೆಚ್ಚು ತೂಕ ಬಂದಿರುವುದು ಇದರಿಂದ. ಎರಡು ಚಿತ್ರ ಬೆಸೆದು ಹೊಸದೊಂದನ್ನು ಕಟ್ಟುವ ಕಲೆಗೆ ಮುಕ್ತ ವಿಭಾಗದಲ್ಲಿ ಜಾಗವಿದೆ. ಆ ಎರಡೂ ನಮ್ಮವೇ ಆಗಿರಬೇಕು, ಅಷ್ಟೆ.

ತೀರ್ಪುಗಾರರಿಗೂ ಕಟ್ಟಳೆ

ಸಲಾನ್‌ಗಳಲ್ಲಿ ಸಾಮಾನ್ಯವಾಗಿ ಮೂವರು ತೀರ್ಪುಗಾರರು. ಒಂದು ಪದ್ಧತಿಯಲ್ಲಿ ಒಬ್ಬೊಬ್ಬರು 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಒಟ್ಟು 3ರಿಂದ 15ರ ನಡುವೆ ನಿಲ್ಲುತ್ತದೆ. ಪಕ್ಕದವರ ಅಂಕ ನೋಡುವಂತಿಲ್ಲ. ತಾವು ತೀರ್ಪು ಕೊಡುವ ಸ್ಪರ್ಧೆಗೆ ತಾವೇ ಚಿತ್ರ ಕಳುಹಿಸುವಂತಿಲ್ಲ. ಒಬ್ಬರ ಅಭಿರುಚಿ ಮಿಕ್ಕವರ ಮೇಲೆ ಸವಾರಿ ಮಾಡದಿರಲಿ ಎಂಬುದು ಉದ್ದೇಶ.

ತಿಂಗಳ ಸ್ಪರ್ಧೆಯ ಸೊಗಸು ಅಂಕಕ್ಕಿಂತ ಮಾತಿನಲ್ಲಿದೆ. ಇಲ್ಲಿ ತೀರ್ಪುಗಾರರು ಸದಸ್ಯರೆದುರೇ ಚಿತ್ರ ಬಿಡಿಸಿ ಹೇಳುತ್ತಾರೆ. ದಿಗಂತದ ಗೆರೆ ಯಾಕೆ ವಾಲಿದೆ, ಮೂಲೆಯ ಬಿಳಿ ಚುಕ್ಕೆ ಕಣ್ಣನ್ನು ಎಲ್ಲಿಗೆ ಎಳೆಯುತ್ತಿದೆ, ಹಿನ್ನೆಲೆಯ ಕಂಬ ತಲೆಯ ಮೇಲೆ ಮೊಳೆತಂತೆ ಯಾಕೆ ಕಾಣುತ್ತಿದೆ ಎಂಬ ಮಾತೆಲ್ಲ ಅಲ್ಲಿ ಬರುತ್ತದೆ. ನಮ್ಮದಲ್ಲದ ಚಿತ್ರದ ಬಗ್ಗೆ ಕೇಳಿದ್ದೂ ನಮ್ಮ ಮುಂದಿನ ಚಿತ್ರಕ್ಕೆ ಒದಗುತ್ತದೆ. ಆರಂಭಿಕರಿಗೂ ಅನುಭವಿಗಳಿಗೂ ಬೇರೆ ಬೇರೆ ಗುಂಪು ಮಾಡುವ ಕ್ಲಬ್ಬುಗಳು ಹೊಸಬರಿಗೆ ದೊಡ್ಡ ಉಪಕಾರ ಮಾಡುತ್ತವೆ. ವರ್ಷದ ಕೊನೆಗೆ ಒಟ್ಟು ಅಂಕ ಕೂಡಿಸಿ ಬಹುಮಾನ ಕೊಟ್ಟರೆ, ಒಂದೇ ಅದೃಷ್ಟದ ಚಿತ್ರಕ್ಕಿಂತ ತಿಂಗಳು ತಿಂಗಳು ಬಂದವರ ಶ್ರಮಕ್ಕೆ ಬೆಲೆ ಸಿಗುತ್ತದೆ.

ಕಳುಹಿಸುವ ಮುನ್ನ

• ವಿಭಾಗದ ವ್ಯಾಖ್ಯಾನವನ್ನು ಚಿತ್ರದ ಪಕ್ಕದಲ್ಲಿಟ್ಟುಕೊಂಡು ಓದಿ. ಸಂಶಯವಿದ್ದರೆ ಸಂಘಟಕರನ್ನು ಮೊದಲೇ ಕೇಳಿ.

• ಪಿಕ್ಸೆಲ್ ಅಳತೆ, ಫೈಲಿನ ತೂಕ, ಫೈಲಿಗೆ ಹೆಸರಿಡುವ ಕ್ರಮ ಮೂರನ್ನೂ ಸರಿನೋಡಿ.

• ಚಿತ್ರದ ಮೇಲೆ ಹೆಸರು, ಗಡಿಗೆರೆ, ವಾಟರ್‌ಮಾರ್ಕ್ ಬೇಡ.

• ಮೂಲ ಫೈಲನ್ನು ಎರಡು ಕಡೆ ಉಳಿಸಿಡಿ. ಸಾಧ್ಯವಾದರೆ ಹಿಂದಿನ, ಮುಂದಿನ ಫ್ರೇಮುಗಳೂ ಇರಲಿ.

• ಯಾವ ಚಿತ್ರ, ಯಾವ ಶೀರ್ಷಿಕೆ, ಯಾವ ಸ್ಪರ್ಧೆ, ಏನು ಫಲಿತಾಂಶ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.

• ಗೆದ್ದ ಚಿತ್ರವನ್ನು ಸಂಘಟಕರು ಎಲ್ಲೆಲ್ಲಿ ಬಳಸಬಹುದು ಎಂಬ ಸಾಲನ್ನು ತಪ್ಪದೆ ಓದಿ. ಪ್ರದರ್ಶನ ಮತ್ತು ಕ್ಯಾಟಲಾಗಿಗೆ ಬಳಸುವುದು ನ್ಯಾಯ. ಪೂರ್ತಿ ಹಕ್ಕನ್ನೇ ಬರೆಸಿಕೊಳ್ಳುವ ಸ್ಪರ್ಧೆಯಿಂದ ದೂರವಿರಿ.

ನಿಯಮ ಕನ್ನಡಕ್ಕೆ ಬರಲಿ

ಇಷ್ಟೆಲ್ಲ ಹೇಳಿದ ಮೇಲೆ ಕ್ಲಬ್ಬುಗಳಿಗೊಂದು ಮನವಿ. ನಮ್ಮ ನಾಡಿನ ಸ್ಪರ್ಧೆಗಳ ನಿಯಮಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ, ಅದೂ ಕಾನೂನಿನ ಇಂಗ್ಲಿಷು. ಹಾವೇರಿಯ ಸ್ಟುಡಿಯೊ ಹುಡುಗ, ಕೊಡಗಿನ ತೋಟದ ಮನೆಯ ಗೃಹಿಣಿ, ರಾಯಚೂರಿನ ಶಾಲಾ ಶಿಕ್ಷಕ ಒಳ್ಳೆಯ ಚಿತ್ರ ತೆಗೆಯಬಲ್ಲರು. ಆದರೆ ಎರಡು ಪುಟದ ಕಗ್ಗಂಟು ಕಂಡು ಹಿಂಜರಿಯುತ್ತಾರೆ, ಇಲ್ಲವೇ ಅರ್ಥವಾಗದೆ ತಪ್ಪು ವಿಭಾಗಕ್ಕೆ ಕಳುಹಿಸಿ ಕಾರಣವೂ ತಿಳಿಯದೆ ಹೊರಬೀಳುತ್ತಾರೆ. ಮೊಬೈಲಿನಲ್ಲೇ ಚಿತ್ರ ತೆಗೆಯುವ ಮಕ್ಕಳಿಗಂತೂ ಗೂಡಿನ ಹತ್ತಿರ ಹೋಗಬೇಡಿ, ಹಾವನ್ನು ಹಿಡಿದು ಚಿತ್ರ ತೆಗೆಯಬೇಡಿ ಎಂಬ ಮಾತು ಮೊದಲು ತಲುಪಬೇಕಾದದ್ದು ಅವರ ನುಡಿಯಲ್ಲೇ.

ಆದ್ದರಿಂದ ಪ್ರತಿ ನಿಯಮವೂ ತಿಳಿಗನ್ನಡದಲ್ಲಿರಲಿ, ಪಕ್ಕದಲ್ಲಿ ‘ಇದು ಯಾಕೆ’ ಎಂದು ಒಂದೆರಡು ಸಾಲು ಇರಲಿ, ಸಲ್ಲುವ ಮತ್ತು ಸಲ್ಲದ ಚಿತ್ರಗಳ ಮಾದರಿಯೂ ಇರಲಿ. ಅನರ್ಹವಾದ ಚಿತ್ರಕ್ಕೆ ಕಾರಣ ತಿಳಿಸುವ ಒಂದು ಸಾಲನ್ನು ಕಳುಹಿಸುವ ಪದ್ಧತಿಯೂ ಬರಲಿ. ಇದಕ್ಕೆ ಖರ್ಚೇನೂ ಇಲ್ಲ, ಅನುಭವಿ ಸದಸ್ಯರು ಎರಡು ಭಾನುವಾರ ಕೂತರೆ ಆಗುವ ಕೆಲಸ. ಸ್ಪರ್ಧೆ ಗೆಲ್ಲುವವರು ಹತ್ತು ಜನ, ನಿಯಮಪತ್ರ ತಲುಪುವುದು ಸಾವಿರ ಜನರಿಗೆ. ಆ ಸಾವಿರ ಜನ ಯಾಕೆಂದು ತಿಳಿದು ನಿಯಮ ಪಾಲಿಸಿದರೆ ಬಹುಮಾನ ಯಾರ ಪಾಲಾದರೂ ಕ್ಲಬ್ಬು ಗೆದ್ದಂತೆ, ನಮ್ಮ ಕಾಡೂ ಉಳಿದಂತೆ.